ಸಾವು ಕಂಡವರು ಬಾಯಿ ಬಿಡಬೇಕಾ?

ಬೇರೆಯವರ ಸಾವು ಮೊದಲೇ ಕಾಣುವ ಥ್ರಿಲ್ಲರ್‌ಗಳನ್ನು ನಾನು ಹುಡುಕಿ ಹುಡುಕಿ ನೋಡುತ್ತೇನೆ. ಜಾಸ್ತಿ ಕಥೆಗಳು ಒಂದೇ ಕಡೆ ಎಡವುತ್ತವೆ. ಸಾವು ಹೇಗೆ ಬಂತು ಅಂತ ಗಂಟೆಗಟ್ಟಲೆ ತೋರಿಸುತ್ತವೆ. ‘ನೀನು ಸಾಯ್ತೀಯ’ ಅಂತ ಕೇಳಿಸಿಕೊಂಡವನು ಆ ರಾತ್ರಿ ಹೇಗೆ ಮಲಗಿದ ಅನ್ನುವುದನ್ನು ಬಿಟ್ಟೇಬಿಡುತ್ತವೆ. ಭಯ ಇರುವುದೇ ಅಲ್ಲಿ, ಅಲ್ವಾ?

ನನಗೆ ಇದು ಹೊಳೆದದ್ದು ಇಂಗ್ಲೆಂಡಿನ ಮನೋವೈದ್ಯ ಜಾನ್ ಬಾರ್ಕರ್ ಬಗ್ಗೆ ಓದಿದಾಗ.

1966ರ ಅಕ್ಟೋಬರ್ 21. ವೇಲ್ಸ್‌ನ ಅಬರ್‌ಫಾನ್ ಅನ್ನುವ ಗಣಿ ಊರು. ಕಲ್ಲಿದ್ದಲು ಗಣಿಯ ಕಸ ಸುರಿದು ಸುರಿದು ಬೆಟ್ಟದ ಮೇಲೆ ಗುಡ್ಡೆ ಬೆಳೆದಿತ್ತು. ಅದು ಜಾರಿ ಶಾಲೆಯ ಮೇಲೆ ಬಿತ್ತು. 116 ಮಕ್ಕಳು, 28 ದೊಡ್ಡವರು ಹೋದರು. ಬಾರ್ಕರ್ ಆ ಊರಿಗೆ ಹೋದರು. ಆಮೇಲೆ ಲಂಡನ್ನಿನ ಪತ್ರಿಕೆಯೊಂದರ ಮೂಲಕ, ‘ಇದು ಮೊದಲೇ ಗೊತ್ತಾಗಿತ್ತು ಅನ್ನುವವರಿದ್ದರೆ ಬರೆಯಿರಿ’ ಅಂತ ಕೇಳಿದರು. 76 ಕಾಗದ ಬಂದವು. 1967ರಲ್ಲಿ ಆ ಪತ್ರಿಕೆಯ ಜೊತೆ ಸೇರಿ, ಜನರಿಗೆ ಬೀಳುವ ಕೆಟ್ಟ ಕನಸು, ಶಕುನಗಳನ್ನು ಬರೆದಿಟ್ಟುಕೊಳ್ಳುವ ಬ್ಯೂರೋ ಶುರುಮಾಡಿದರು.

ಬಂದದ್ದರಲ್ಲಿ ಹೆಚ್ಚಿನವು ಸುಳ್ಳಾದವು. ಇಬ್ಬರ ಮಾತು ಮಾತ್ರ ಆಗಾಗ ತಾಳೆಯಾಗುತ್ತಿತ್ತು. ಒಬ್ಬರು ಪಿಯಾನೋ ಕಲಿಸುತ್ತಿದ್ದ ಮಿಸ್ ಮಿಡಲ್ಟನ್. ಇನ್ನೊಬ್ಬರು ಟೆಲಿಫೋನ್ ಆಪರೇಟರ್ ಅಲನ್ ಹೆಂಚರ್. ವಿಮಾನ ಬೀಳುತ್ತೆ, 123 ಇಲ್ಲಾ 124 ಜನ ಸಾಯ್ತಾರೆ ಅಂತ ಹೆಂಚರ್ ಮಾರ್ಚ್‌ನಲ್ಲಿ ಹೇಳಿದರು. ಏಪ್ರಿಲ್‌ನಲ್ಲಿ ಸೈಪ್ರಸ್‌ನಲ್ಲಿ ವಿಮಾನ ಬಿದ್ದು 126 ಜನ ಸತ್ತರು.

ಆಮೇಲೆ ಹೆಂಚರ್ ಬಾರ್ಕರ್‌ಗೇ ಹೇಳಿದರು: ನಿಮ್ಮ ಜೀವಕ್ಕೆ ಅಪಾಯ ಇದೆ. ಮಿಡಲ್ಟನ್ ಕೂಡ ಎಚ್ಚರಿಸಿದರು.

ಬಾರ್ಕರ್ ಬರೆದ ಪುಸ್ತಕ ಯಾವುದರ ಬಗ್ಗೆ ಗೊತ್ತಾ? ಸಾವಿನ ಭವಿಷ್ಯ ಕೇಳಿ, ಹೆದರಿಕೆಯಿಂದಲೇ ಸತ್ತವರ ಬಗ್ಗೆ. ಅದು 1968ರಲ್ಲಿ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ ಮಿದುಳಿನಲ್ಲಿ ರಕ್ತಸ್ರಾವವಾಗಿ ಅವರೂ ತೀರಿಕೊಂಡರು. ಬರೀ 44 ವರ್ಷ.

ಹೆಂಚರ್‌ಗೆ ನಿಜವಾಗಿ ಏನೋ ಕಂಡಿತ್ತು ಅಂತ ನಾನು ನಂಬುವುದಿಲ್ಲ. ನೂರಾರು ಮಾತಿನಲ್ಲಿ ಕೆಲವು ತಾಕುತ್ತವೆ. ಆದರೆ ಕೇಳಿಸಿಕೊಂಡ ಮಾತು ಒಳಗೇ ಕೂತುಬಿಡುತ್ತದೆ. ಮನೆಯಲ್ಲಿ ಯಾರಾದರೂ ಸಾವಿನ ಮಾತೆತ್ತಿದರೆ ನಮ್ಮ ಅಜ್ಜಿಯರು ತಕ್ಷಣ ‘ಬಿಡ್ತು ಅನ್ನು’ ಅಂತಿದ್ದರು. ಅವರಿಗೆ ಮಾತಿನ ಭಾರ ಗೊತ್ತಿತ್ತು.

ನಾನು ಈ ಕಥೆ ಸಿನಿಮಾ ಮಾಡಿದರೆ ವಿಮಾನ ಬೀಳುವುದನ್ನು ತೋರಿಸುವುದೇ ಇಲ್ಲ. ಆ ಎಚ್ಚರಿಕೆ ಕೇಳಿಸಿಕೊಂಡ ಬಾರ್ಕರ್ ಮನೆಗೆ ಬರುತ್ತಾರೆ. ಹೆಂಡತಿ ಮಕ್ಕಳ ಜೊತೆ ಊಟ ಮಾಡುತ್ತಾರೆ. ಏನೂ ಹೇಳುವುದಿಲ್ಲ. ಅಷ್ಟೇ ಸಾಕು.