ನೆರಳಿನ ಬಣ್ಣ ಯಾವುದು?

ಕೇಳುಗರಿಗೆ ನಮಸ್ಕಾರ.

ಚಿತ್ರಕಲೆಯ ಬಗ್ಗೆ ರೇಡಿಯೋದಲ್ಲಿ ಮಾತಾಡಲು ಒಪ್ಪಿಕೊಂಡ ಮೇಲೆ ಪೇಚಾಟ ಶುರುವಾಯಿತು. ನಿಮಗೆ ಒಂದು ಗೆರೆಯನ್ನೂ ತೋರಿಸಲಾರೆ. ಅದಕ್ಕೇ ನೋಡುವ ಕೆಲಸವನ್ನು ನಿಮಗೇ ಒಪ್ಪಿಸುತ್ತೇನೆ. ನಾಳೆ ಬಿಸಿಲು ಬಂದಾಗ, ಸುಣ್ಣ ಬಳಿದ ಗೋಡೆಯ ಮೇಲೆ ಬಿದ್ದ ನೆರಳನ್ನು ನೋಡಿ. ಅದರ ಬಣ್ಣ ಯಾವುದು?

ಕಪ್ಪು ಅಂತೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಕಾಂಡಕ್ಕೆ ಕಂದು, ಎಲೆಗೆ ಹಸಿರು, ನೆರಳಿಗೆ ಕಪ್ಪು ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರು ಹೇಳಿಕೊಟ್ಟಿದ್ದರು. ಹಾಗೆ ಬರೆದರೆ ಮಾರ್ಕ್ಸೂ ಬರುತ್ತಿತ್ತು. ಆದರೆ ಆ ನೆರಳನ್ನು ಸ್ವಲ್ಪ ಹೊತ್ತು ದಿಟ್ಟಿಸಿದರೆ ಒಳಗೆ ತೆಳುವಾದ ನೀಲಿ ಕಾಣುತ್ತದೆ. ಬಿಸಿಲು ತಾಗದ ಜಾಗಕ್ಕೂ ಆಕಾಶದ ಬೆಳಕು ಬೀಳುತ್ತಲೇ ಇರುತ್ತದೆ. ಆಕಾಶ ನೀಲಿ ಅಲ್ವಾ?

1868-69ರ ಚಳಿಗಾಲದಲ್ಲಿ, ಉತ್ತರ ಫ್ರಾನ್ಸಿನ ಕರಾವಳಿಯ ಎತ್ರೆತಾ ಊರಿನ ಬಳಿ, ಕ್ಲೋದ್ ಮೊನೆ ಎಂಬ ಯುವಕ ಇದನ್ನೇ ಬರೆದ. ಎಲ್ಲೆಲ್ಲೂ ಹಿಮ. ಒಂದು ಬೇಲಿ, ಅದಕ್ಕೊಂದು ಮರದ ಗೇಟು. ಗೇಟಿನ ಮೇಲೆ ಕಪ್ಪು ಬಿಳಿ ಬಣ್ಣದ ಒಂಟಿ ಮ್ಯಾಗ್‌ಪೈ ಹಕ್ಕಿ. ಚಿತ್ರದಲ್ಲಿ ಮುಖ್ಯವಾಗಿ ಇರುವುದು ಇಷ್ಟೇ. ಹಿಮದ ಮೇಲೆ ಬೇಲಿಯ ನೆರಳು ಉದ್ದಕ್ಕೆ ಚಾಚಿದೆ, ಮತ್ತು ಆ ನೆರಳು ನೀಲಿಯಾಗಿದೆ. ಹಕ್ಕಿಯ ಹೆಸರೇ ಚಿತ್ರದ ಹೆಸರು. ಆದರೆ ನನ್ನ ಕಣ್ಣು ಪ್ರತಿ ಸಲವೂ ಹಕ್ಕಿಯನ್ನು ಬಿಟ್ಟು ಆ ನೀಲಿಗೇ ಹೋಗುತ್ತದೆ.

ಆಗ ಪ್ಯಾರಿಸ್ಸಿನಲ್ಲಿ ಸಲೋನ್ ಎಂಬ ದೊಡ್ಡ ಪ್ರದರ್ಶನ ನಡೆಯುತ್ತಿತ್ತು. ಅಲ್ಲಿ ಜಾಗ ಸಿಕ್ಕರೆ ಕಲಾವಿದನಿಗೆ ಹೆಸರು, ಗಿರಾಕಿ, ಊಟ. ಅಲ್ಲಿನ ತೀರ್ಪುಗಾರರಿಗೆ ಬೇಕಿದ್ದುದು ಪುರಾಣದ ಕಥೆ, ಇತಿಹಾಸದ ಯುದ್ಧ, ಕುಂಚದ ಗುರುತೇ ಕಾಣದ ನುಣುಪು. ಮೊನೆಯ ಹಿಮದ ಚಿತ್ರವನ್ನು 1869ರಲ್ಲಿ ಅವರು ವಾಪಸ್ ಕಳಿಸಿದರು. ಇಂದು ಅದು ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ನೋಡಲು ಜನ ಸಾಲುಗಟ್ಟುತ್ತಾರೆ.

ಇಲ್ಲೊಂದು ತಗಡಿನ ಟ್ಯೂಬಿನ ಕಥೆಯನ್ನೂ ಹೇಳಬೇಕು. ಹಿಂದೆ ತೈಲವರ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ತುಂಬಿಡುತ್ತಿದ್ದರು. ಚುಚ್ಚಿದರೆ ಬಣ್ಣ ಹೊರಬರುತ್ತಿತ್ತು, ಆಮೇಲೆ ಮುಚ್ಚುವುದು ಕಷ್ಟ, ಬೇಗ ಒಣಗುತ್ತಿತ್ತು. 1841ರಲ್ಲಿ ಜಾನ್ ಗಾಫ್ ರ‍್ಯಾಂಡ್ ಎಂಬ ಅಮೆರಿಕನ್ ಚಿತ್ರಕಾರ ಹಿಂಡಬಹುದಾದ ತವರದ ಟ್ಯೂಬಿಗೆ ಪೇಟೆಂಟ್ ಪಡೆದ. ನಾವು ಬೆಳಿಗ್ಗೆ ಟೂತ್‌ಪೇಸ್ಟ್ ಹಿಂಡುತ್ತೇವಲ್ಲ, ಹಾಗೆ. ಬಣ್ಣ ಜೇಬಿಗೆ ಬಂತು. ರೈಲೂ ಬಂದಿತ್ತು. ಬೆಳಿಗ್ಗೆ ಪ್ಯಾರಿಸ್ ಬಿಟ್ಟು, ನದಿ ದಂಡೆಯಲ್ಲಿ ಚಿತ್ರ ಬರೆದು, ಸಂಜೆ ಮನೆಗೆ ಮರಳಬಹುದಿತ್ತು.

ಬಯಲಲ್ಲಿ ಕೂತರೆ ಬೆಳಕು ನಿಮಗಾಗಿ ಕಾಯುವುದಿಲ್ಲ. ಮೋಡ ಬಂತು ಅಂದರೆ ಮುಗಿಯಿತು. ಬೇಗ ಬೇಗ ಬರೆಯಬೇಕು. ಬಣ್ಣವನ್ನು ತಟ್ಟೆಯಲ್ಲಿ ಕಲಸಿ ತಿದ್ದುತ್ತಾ ಕೂರಲು ಪುರುಸೊತ್ತಿಲ್ಲ. ಹಾಗಾಗಿ ಮೊನೆ ಮತ್ತು ಅವನ ಗೆಳೆಯರು ಚಿಕ್ಕ ಚಿಕ್ಕ ಗೀಟುಗಳಲ್ಲಿ ಹಳದಿಯ ಪಕ್ಕ ನೇರಳೆ, ಕಿತ್ತಳೆಯ ಪಕ್ಕ ನೀಲಿ ಇಟ್ಟರು. ಹತ್ತಿರ ಹೋದರೆ ಬರೀ ಬಣ್ಣದ ಮುದ್ದೆ. ನಾಲ್ಕು ಹೆಜ್ಜೆ ಹಿಂದೆ ಬಂದರೆ ನೀರು ಹೊಳೆಯುತ್ತದೆ.

1874ರ ಏಪ್ರಿಲ್ 15ರಂದು ಇವರೇ ಸೇರಿ ಸ್ವಂತ ಪ್ರದರ್ಶನ ಮಾಡಿದರು. ನಾದಾರ್ ಎಂಬ ಫೋಟೋಗ್ರಾಫರ್ ಮೊದಲು ಇಟ್ಟುಕೊಂಡಿದ್ದ ಸ್ಟುಡಿಯೋದಲ್ಲಿ, ಸುಮಾರು 30 ಮಂದಿಯ ಚಿತ್ರಗಳು. ಮೊನೆ, ರೆನ್ವಾ, ಪಿಸಾರೊ, ಸೆಜಾನ್, ಬರ್ತ್ ಮೊರಿಸೊ ಎಂಬ ಹೆಣ್ಣುಮಗಳು, ಜೊತೆಗೆ ದೆಗಾ. ದೆಗಾನಿಗೆ ಬಯಲಲ್ಲಿ ಕೂತು ಬರೆಯುವುದು ಸುತಾರಾಂ ಆಗುತ್ತಿರಲಿಲ್ಲ, ಆದರೂ ಗುಂಪಿನಲ್ಲಿದ್ದ. ಮೊನೆ ಇಟ್ಟ ಚಿತ್ರಗಳಲ್ಲಿ ಒಂದು ಲ ಹಾವ್ರ್ ಬಂದರಿನದು. ಮಂಜಿನ ಬೆಳಗು, ಮಸುಕು ದೋಣಿಗಳು, ಒಂದು ಕಿತ್ತಳೆ ಸೂರ್ಯ. ಅದಕ್ಕೆ "ಇಂಪ್ರೆಷನ್, ಸೂರ್ಯೋದಯ" ಎಂದು ಹೆಸರಿಟ್ಟಿದ್ದ. ಇಂಪ್ರೆಷನ್ ಅಂದರೆ ನೋಡಿದ ಕ್ಷಣ ಮನಸ್ಸಿಗೆ ಬಿದ್ದ ಅಚ್ಚು.

ಲೂಯಿ ಲರ್ವಾ ಎಂಬ ಪತ್ರಕರ್ತ ಒಂದು ಹಾಸ್ಯ ಪತ್ರಿಕೆಯಲ್ಲಿ ಈ ಪದವನ್ನೇ ಹಿಡಿದು ಲೇವಡಿ ಮಾಡಿದ. ಈ ಸಮುದ್ರಕ್ಕಿಂತ ಗೋಡೆಗೆ ಅಂಟಿಸುವ ಅರೆಬರೆ ಕಾಗದವೇ ವಾಸಿ ಎಂಬ ಧಾಟಿಯಲ್ಲಿ ಬರೆದ. ಬೈಯಲು ಬಳಸಿದ ಪದವನ್ನೇ ಗುಂಪು ತನ್ನ ಹೆಸರು ಮಾಡಿಕೊಂಡಿತು: ಇಂಪ್ರೆಷನಿಸ್ಟರು. ಲರ್ವಾನೂ ಒಬ್ಬ ಕಲಾವಿದನೇ. ಇಂದು ಅವನ ನೆನಪು ಉಳಿದಿರುವುದು ಮಾತ್ರ ಆ ಬೈಗುಳದಿಂದ.

1886ರವರೆಗೆ ಎಂಟು ಪ್ರದರ್ಶನಗಳು ನಡೆದವು. ಎಂಟರಲ್ಲೂ ಇದ್ದವನು ಪಿಸಾರೊ ಒಬ್ಬನೇ. ಉಳಿದವರು ಜಗಳವಾಡಿ ಬಂದರು, ಹೋದರು.

ಆಮೇಲೆ ಮೊನೆ ಒಂದೇ ವಸ್ತುವಿಗೆ ಗಂಟುಬಿದ್ದ. 1890-91ರಲ್ಲಿ ಮನೆ ಹತ್ತಿರದ ಹೊಲದ ಬಣವೆಗಳನ್ನು ಬೆಳಿಗ್ಗೆ, ಸಂಜೆ, ಹಿಮದಲ್ಲಿ, ಮಂಜು ಕರಗುವಾಗ ಬರೆದ. ಪಕ್ಕದಲ್ಲಿ ಹಲವು ಕ್ಯಾನ್ವಾಸುಗಳು. ಬೆಳಕು ಬದಲಾದಂತೆ ಕ್ಯಾನ್ವಾಸ್ ಬದಲು. ಆ ಬಣವೆಗಳಲ್ಲಿ ಒಂದು 1896ರಲ್ಲಿ ಮಾಸ್ಕೋಗೆ ಹೋಯಿತು. ವಾಸಿಲಿ ಕಾಂಡಿನ್ಸ್ಕಿ ಎಂಬ ಕಾನೂನು ಪಂಡಿತ ಅದರ ಮುಂದೆ ನಿಂತ. ಅದು ಬಣವೆ ಅಂತ ಅವನಿಗೆ ಗೊತ್ತಾಗಿದ್ದು ಕ್ಯಾಟಲಾಗ್ ನೋಡಿದ ಮೇಲೆ. ಏನೆಂದು ತಿಳಿಯದೆಯೂ ಚಿತ್ರ ಹಿಡಿದಿಡಬಲ್ಲದಲ್ಲ ಎಂಬುದು ಅವನ ತಲೆಯಲ್ಲಿ ಕೂತುಬಿಟ್ಟಿತು. ಕಾನೂನು ಬಿಟ್ಟು ಮ್ಯೂನಿಕ್‌ಗೆ ಹೋಗಿ ಕುಂಚ ಹಿಡಿದ. ಗುರುತಿಸಬಹುದಾದ ವಸ್ತುವೇ ಇಲ್ಲದೆ ಬರೀ ಬಣ್ಣ, ಆಕಾರಗಳಲ್ಲಿ ಬರೆಯುವ ಅಮೂರ್ತ ಕಲೆಯ ಮೊದಲಿಗರಲ್ಲಿ ಅವನೊಬ್ಬ.

ಬೆಂಗಳೂರಿನ ಹೂಬಿಟ್ಟ ಮರಗಳನ್ನು ದಟ್ಟ ಬಣ್ಣಗಳಲ್ಲಿ ಬರೆದ ರುಮಾಲೆ ಚನ್ನಬಸವಯ್ಯನವರ ಚಿತ್ರಗಳನ್ನು ನೋಡುವಾಗಲೂ ನನಗೆ ಈ ಬಯಲಿನ ಕಲಾವಿದರು ನೆನಪಾಗುತ್ತಾರೆ.

ಮೊನೆಯ ಕೊನೆಯ ದಿನಗಳ ಮಾತು ಹೇಳಿ ಮುಗಿಸುತ್ತೇನೆ. ಅವನ ಕಣ್ಣಿಗೆ ಪೊರೆ ಬಂತು. ಪೊರೆ ಬಲಿತ ಕಣ್ಣಿಗೆ ಮೊದಲು ಮಂಕಾಗುವುದು ನೀಲಿ. ಎಲ್ಲವೂ ಹಳದಿ, ಕಂದು. ಯಾವ ಟ್ಯೂಬಿನಲ್ಲಿ ಯಾವ ಬಣ್ಣ ಎಂದು ಚೀಟಿ ಓದಿ ತಿಳಿಯುವ ಸ್ಥಿತಿ. 1923ರಲ್ಲಿ ಒಂದು ಕಣ್ಣಿಗೆ ಆಪರೇಷನ್ ಆಯಿತು. ಆಮೇಲೆ ನೋಡಿದರೆ ಎಲ್ಲವೂ ವಿಪರೀತ ನೀಲಿ ಅಂತ ಗೊಣಗಿದ. ಬಣ್ಣದ ಗಾಜಿನ ಕನ್ನಡಕ ಹಾಕಿಕೊಂಡು, ತಾವರೆ ಕೊಳದ ದೊಡ್ಡ ಚಿತ್ರಗಳನ್ನು 1926ರ ಡಿಸೆಂಬರಿನಲ್ಲಿ ಸಾಯುವ ತನಕ ತಿದ್ದುತ್ತಲೇ ಇದ್ದ.

ನಮಸ್ಕಾರ.