ಏಸಿ ರೂಮಿನ ಸಲಹೆ, ರಾಯಚೂರಿನ ಬಿಸಿಲು
(ರಾಯಚೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ವೇದಿಕೆ ಮ್ಯಾಲಿನ ಹಿರಿಯರಿಗೂ ಮುಂದ ಕುಂತಿರೋ ನಿಮಗೂ ಶರಣು. ನಿರೂಪಕರು ನನ್ನ 'ಗೇಮ್ ಡೆವಲಪರ್' ಅಂತ ಪರಿಚಯ ಮಾಡಿಸಿದ್ರು. ನಮ್ಮ ಸಾಹುಕಾರರು ಕೇಳಿದ್ರ ನಗ್ತಾರ. ಹಗಲೆಲ್ಲ ನಾನು ಎಪಿಎಂಸಿಯಾಗ ಹತ್ತಿ ಅಡತಿ ಅಂಗಡಿ ಲೆಕ್ಕ ಬರಿಯಾಂವ. ಆಟ, ವಿಡಿಯೊ ಎಲ್ಲಾ ರಾತ್ರಿ ಉಂಡಮ್ಯಾಲಿನ ಕಸುಬು. ಅದೂ ಗಾಳಿ ಬೀಸಿ ಲೈನ್ ಹೋಗದಿದ್ರ.

ನಾನು ಇವತ್ತ ಹೇಳಬೇಕಂತ ಬಂದಿದ್ದು ಒಂದೇ ಮಾತು. ಯಾವ ಕಂಪ್ಯೂಟರ್ ತಗೋಬೇಕು, ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಬೇಕು ಅಂತ ನೀವು ದಿನಾ ನೋಡೋ ವಿಡಿಯೊಗಳೆಲ್ಲ ಏಸಿ ರೂಮಿನಾಗ ಕುಂತು ಮಾಡಿದ್ದು. ಅವರು ಸುಳ್ಳು ಹೇಳಲ್ಲ. ಆದ್ರ ಅವರ ರೂಮು 22 ಡಿಗ್ರಿ, ನಮ್ಮದು ಮೇ ತಿಂಗಳಾಗ 42. ಫ್ಯಾನ್ ಎಷ್ಟೇ ದೊಡ್ಡದಿರಲಿ, ರೂಮಿನ ಗಾಳಿಗಿಂತ ತಣ್ಣಗ ಮಾಡಕ್ಕಾಗಲ್ಲ. 20 ಡಿಗ್ರಿ ಸಾಲ ಹೊತ್ಕೊಂಡೇ ನಮ್ಮ ಕೆಲಸ ಶುರು.

ಹೋದ ಬ್ಯಾಸಿಗ್ಯಾಗ ಏನಾಯ್ತಂದ್ರ, ನನ್ನ ಕಂಪ್ಯೂಟರ್ ಮಧ್ಯಾಹ್ನ ವಿಡಿಯೊ ರೆಂಡರ್ ಮಾಡಕ್ಕ, ಅಂದ್ರ ಎಡಿಟ್ ಮಾಡಿದ್ದನ್ನೆಲ್ಲ ಕೂಡಿಸಿ ಒಂದು ಫೈಲ್ ಮಾಡಕ್ಕ, ಎಷ್ಟು ಹೊತ್ತು ತಗೊಂತಿತ್ತೋ, ಬೆಳಗಿನ ಜಾವ ಅದರ ಅರ್ಧದಾಗ ಮುಗಿಸ್ತಿತ್ತು. ಅದೇ ಫೈಲು, ಅದೇ ಸಾಫ್ಟ್‌ವೇರು. ಗೆಳೆಯರು 'ಹಳೇದಾತು ಬಿಡಲೇ, ಹೊಸ ಪ್ರೊಸೆಸರ್ ಹಾಕಿಸು' ಅಂದ್ರು. ಅವರೂ ಏಸಿ ರೂಮಿನ ವಿಡಿಯೊ ನೋಡಿದವರೇ. ನಾನು ಟೆಂಪರೇಚರ್ ತೋರಿಸೋ ಸಣ್ಣ ಪ್ರೋಗ್ರಾಂ ಹಾಕಿ ಕುಂತೆ. ರೆಂಡರ್ ಶುರುವಾಗಿ ಚಾ ಕುಡಿಯೋದ್ರಾಗ 95 ಡಿಗ್ರಿ ದಾಟ್ತು. ದಾಟಿದ್ದೇ ತಡ, ಪ್ರೊಸೆಸರ್ ಜೀವ ಉಳಿಸ್ಕೊಳ್ಳಕ್ಕ ತಾನೇ ವೇಗ ಇಳಿಸ್ಕೊಂತು. ಥ್ರಾಟ್ಲಿಂಗ್ ಅಂತಾರಲ್ಲ, ಅದು. ಇಂಥಾ ರೂಮಿನಾಗ ಇನ್ನೂ ಬಿಸಿಯಾಗೋ ಹೊಸ ಪ್ರೊಸೆಸರ್ ತಂದಿಟ್ಟು ಏನು ಉಪಯೋಗ ಹೇಳ್ರಿ?

ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರಿನ ಬಿಸಿ ಹೀರೋ ಹೀಟ್‌ಸಿಂಕ್ ಮ್ಯಾಲ ಬೆರಳು ದಪ್ಪ ಕೂತಿತ್ತು. ಬರೇ ಧೂಳಲ್ರಿ, ಹತ್ತಿ ನಾರು! ದಿನಾ ನನ್ನ ಅಂಗಿಗೆ ಹತ್ಕೊಂಡು ಮನಿಗೆ ಬಂದಿದ್ದು. ಮೂಲಿ ಹಿಡಿದು ಎಳೆದ್ರ ಕಂಬಳಿ ಚೂರಿನಂಗ ಒಂದೇ ತುಂಡಾಗಿ ಕಿತ್ಕೊಂಡು ಬಂತು. ನಮ್ಮ ಮನ್ಯಾಕಿ ನೋಡಿ, 'ಇಷ್ಟು ಹತ್ತಿ ದಿಂಬಿಗೆ ಹಾಕಿದ್ರ ತಲಿಗಾರ ಆಗ್ತಿತ್ತು' ಅಂದ್ಲು. ಒಳಗ ಪ್ರೊಸೆಸರಿನ ಬಿಸಿ ಹೀಟ್‌ಸಿಂಕಿಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಪುಡಿ ಆಗಿತ್ತು. ಅದನ್ನ ಪೂರ್ತಿ ಒರೆಸಿ, ತೊಗರಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಮುಚ್ಚಿದೆ. ಇನ್ನೊಂದು ಮಾತು: ಬ್ಲೋವರ್ ಹಿಡಿಯೋ ಮುಂಚೆ ಫ್ಯಾನಿನ ರೆಕ್ಕೆ ತಿರುಗದಂಗ ಒಂದು ಕಡ್ಡಿ ಸಿಗಿಸ್ರಿ. ಇಲ್ಲಂದ್ರ ಗಾಳಿಗೆ ಗರಗರ ತಿರುಗಿ ಬೇರಿಂಗ್ ಹೋಗ್ತದ, ಮ್ಯಾಲ ಅದೇ ಕರೆಂಟ್ ಹುಟ್ಟಿಸಿ ಬೋರ್ಡಿಗೆ ಕಳಿಸಿದ್ರೂ ಕಳಿಸೀತು. ಮುಂದ ಅದೇ ರೆಂಡರ್ ಮಧ್ಯಾಹ್ನ ಹಾಕಿದ್ರೂ ಬೆಳಗಿನ ಹೊತ್ತಿಗೆ ಹತ್ರಹತ್ರ ಬಂತು. ಖರ್ಚು ಒಂದು ಪೇಸ್ಟ್ ಟ್ಯೂಬು.

ಅಪ್‌ಗ್ರೇಡೇ ಬ್ಯಾಡ ಅನ್ನಲ್ಲ. ಹಳೇ ಹಾರ್ಡ್‌ಡಿಸ್ಕ್ ಇದ್ರ ಎಸ್‌ಎಸ್‌ಡಿ ಹಾಕಸ್ರಿ, ಅದರಷ್ಟು ಫರಕು ಬ್ಯಾರೆ ಯಾವುದೂ ಕೊಡಲ್ಲ. ಯುಪಿಎಸ್ ಬೇಕೇ ಬೇಕು. ರ್‍ಯಾಮ್ ಮಾತ್ರ 2025ರ ಕೊನಿಯಿಂದ ಬಂಗಾರದ ಜೋಡಿ ಪೈಪೋಟಿಗೆ ಬಿದ್ದದ. ಎಐ ಡೇಟಾ ಸೆಂಟರ್‌ಗಳಿಗೇ ಸಾಲವಲ್ದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತದ, ಹಳೇ ಮಷಿನ್‌ಗಳಿಗೆ 11 ಹತ್ತಲ್ಲ. ಗುಜರಿಗೆ ಹಾಕಬ್ಯಾಡ್ರಿ, ವಿಂಡೋಸ್ ಬದಲಿ ಪುಕ್ಕಟೆ ಸಿಗೋ ಲಿನಕ್ಸ್ ಹಾಕ್ರಿ. ಆಟ ಕಟ್ಟೋ ಗೋಡೋ, 3ಡಿ ಚಿತ್ರ ಮಾಡೋ ಬ್ಲೆಂಡರ್, ವಿಡಿಯೊ ಎಡಿಟ್ ಮಾಡೋ ಕೆಡೆನ್‌ಲೈವ್ ಮೂರೂ ಅದರಾಗ ಪುಕ್ಕಟೆ ನಡೀತಾವ. 2025ರಾಗ ಆಸ್ಕರ್ ಗೆದ್ದ 'ಫ್ಲೋ' ಅನ್ನೋ ಅನಿಮೇಷನ್ ಸಿನಿಮಾ ಬ್ಲೆಂಡರಿನಾಗೇ ಆದದ್ದು.

ಈಗ ನನ್ನ ಆಟಕ್ಕ ಬರ್ತೀನಿ. ನಮ್ಮ ಕೋಟಿ ಪಶ್ಚಿಮದ ಗೋಡಿ ಮ್ಯಾಲಿನ ಶಾಸನ ನೋಡೀರಲ್ಲ? 40 ಅಡಿಗೂ ಉದ್ದದ ಒಂದೇ ಬಂಡೆ. ಕಾಕತೀಯರ ಕಾಲದಾಗ, 1294ರಾಗ, ಗೋರೆ ಗಂಗಯ್ಯ ರೆಡ್ಡಿ ಕೋಟಿ ಕಟ್ಟಿಸಿದ ಅಂತ ಅದು ಹೇಳ್ತದ. ನನಗ ಹುಚ್ಚು ಹಿಡಿಸಿದ್ದು ಅಕ್ಷರ ಅಲ್ಲ, ಅಲ್ಲಿನ ಚಿತ್ರ. ಅದೇ ಬಂಡೆನ ಬಂಡಿ ಮ್ಯಾಲ ಹೇರಿ, ಉದ್ದಕ ಕೋಣದ ಸಾಲು ಹೂಡಿ ಎಳೀಲಿಕ್ಕತ್ತಾರ. ನಡುನಡುವ ಕೋಣ ಹೊಡಿಯೋರು, ಹಿಂದ ಗಾಲಿಗೆ ಸನ್ನಿಗೋಲು ಕೊಟ್ಟು ಮೀಟೋರು. ಏಳುನೂರು ವರ್ಷದ ಹಿಂದಿನ ಕೂಲಿಗಳು ಹೆಂಗ ಕೆಲಸ ಮಾಡಿದ್ರು ಅಂತ ಬರೆದಿಟ್ಟ ವಿಡಿಯೊ ಅನ್ರಿ ಅದನ್ನ.

ನನ್ನ ಆಟ ಅಷ್ಟೇ: ಬಂಡೆ ಕೋಟಿಗೆ ಮುಟ್ಟಿಸಬೇಕು. ಕತ್ತಿ ಇಲ್ಲ, ಯುದ್ಧ ಇಲ್ಲ. ಮೊದಲ ಎಲ್ಲಾನೂ ಲೆಕ್ಕದ ಪ್ರಕಾರ ಮಾಡೋಣಂತ ಬಂಡೆಗೆ ನಿಜವಾದ ತೂಕ ಕೊಟ್ಟು, ಕೋಣಗಳನ್ನ ಜಾಯಿಂಟ್‌ಗಳಿಂದ ಜೋಡಿಸಿದೆ. ಆಟದಾಗ ತೂಕ, ಎಳೆತದ ಲೆಕ್ಕ ಹಾಕೋ ಫಿಸಿಕ್ಸ್ ಎಂಜಿನ್ನಿಗೆ ಒಂದು ಕಡಿ ಭಾಳ ಭಾರ, ಒಂದು ಕಡಿ ಭಾಳ ಹಗುರ ಇದ್ರ ಜಾಯಿಂಟು ನಡುಗಿ ಹರೀತಾವ. ಕೋಣಗಳೆಲ್ಲ ಗಾಳಿಪಟ ಆಗಿ ಆಕಾಶಕ್ಕ ಹಾರಿದ್ವು! ಆ ವಿಡಿಯೊ ಹಾಕಿದೆ, ನನ್ನ ಚಾನೆಲ್‌ದಾಗ ಜನ ಹೆಚ್ಚು ನೋಡಿದ್ದು ಅದನ್ನೇ. (ನಗು) ಈಗ ಬಂಡೆಗೆ ಕೋಡಿನಾಗ ತೂಕಾನೇ ಇಲ್ಲ. ಕೋಣ ಕತ್ತು ಬಗ್ಗಿಸಿ ಒಂದು ಹೆಜ್ಜಿ ಇಡಾಕ ಎಷ್ಟು ಹೊತ್ತು, ಗಾಲಿ ಎಷ್ಟು ಕಿರುಗುಟ್ತದ, ಸನ್ನಿ ಜಾರಿದ್ರ ಹಿಂದಕ ಎಷ್ಟು ಉರುಳ್ತದ, ಅದರಾಗೇ ಆಡೋರಿಗೆ ಭಾರ ಗೊತ್ತಾಗ್ಬೇಕು. ಕಿರುಗುಟ್ಟೋ ಸದ್ದು ನಮ್ಮೂರ ಹಳೇ ಬಂಡಿದು, ಫೋನಿನಾಗ ರೆಕಾರ್ಡ್ ಮಾಡಿದ್ದು.

ಚೀಟಿ ಬಂತು, ಐದು ನಿಮಿಷ ಅಂತ. ಪ್ರಾಕ್ಸಿ ಬಗ್ಗೆ ವಿವರವಾಗಿ ಹೇಳಬೇಕಿತ್ತು. ಇರಲಿ: ದೊಡ್ಡ ವಿಡಿಯೊನ ಸಣ್ಣ ನಕಲಿನ ಮ್ಯಾಲ ಎಡಿಟ್ ಮಾಡ್ರಿ, ಕೊನಿಗೆ ಅಸಲಿಗೆ ಹಚ್ಚಿ ರೆಂಡರ್ ಮಾಡ್ರಿ, ಹಳೇ ಮಷಿನ್ ತಡೀತದ.

ಕನ್ನಡ ಅಕ್ಷರದ ಬಗ್ಗೆ ಒಂದು ಸಾಲು. ಗೋಡೋ 3ರಾಗ ಒತ್ತಕ್ಷರ ಬಿಡಿಬಿಡಿಯಾಗಿ ಬೀಳ್ತಿದ್ವು. 2023ರಾಗ ಬಂದ ಗೋಡೋ 4ರಾಗ ಸರಿಯಾಗಿ ಕೂಡ್ತಾವ. ಮೆನು ಕನ್ನಡದಾಗೇ ಇಡಾಕ ಇನ್ನ ನೆಪ ಇಲ್ಲ.

ಆಟ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಾಗ ಒಂದು ಆಟ ಹಾಕಾಕ 100 ಡಾಲರ್ ಕಟ್ಟಬೇಕು. ಅಂಥದೇ ಇನ್ನೊಂದು ಅಂಗಡಿ ಇಚ್‌ನಾಗ (itch.io) ಪುಕ್ಕಟೆ. ಅಲ್ಲಿಂದ ಶುರು ಮಾಡ್ರಿ.

ಸಾಹೇಬ್ರು ಗಡಿಯಾರ ನೋಡ್ಲಿಕ್ಕತ್ತಾರ. ಹಿಂದಿನ ಟೇಬಲ್ ಮ್ಯಾಲ ಲ್ಯಾಪ್‌ಟಾಪ್ ಇಟ್ಟೀನಿ, ಮೊದಲನೇ ಮಜಲು ಆಡಬಹುದು. ನಿಮ್ಮ ಮನ್ಯಾಗ 2 ಜಿಬಿ ರ್‍ಯಾಮಿನ ಹಳೇ ಫೋನ್ ಬಿದ್ದಿದ್ರ, ಸ್ಕ್ರೀನ್ ಒಡೆದಿದ್ರೂ ನಡೀತದ, ನನಗ ನಾಕು ದಿನ ಕೊಡ್ರಿ. ಮಧ್ಯಾಹ್ನ ಎರಡಕ್ಕ ಮಾಳಿಗಿ ಮ್ಯಾಲ ಕುಂತು ಅದರಾಗ ಆಡಿಸಿ ನೋಡಬೇಕು.