ಗಾಜಿನ ಎಳೆಯೋ, ತಾರಸಿಯ ಡಬ್ಬಿಯೋ?

ಕೇಳುಗರಿಗೆ ನಮಸ್ಕಾರ.

ಹೋದ ವಾರ ನಮ್ಮ ಓಣಿಯ ಕಾಕಾ ಒಬ್ಬರು ಗೇಟಿನ ಹತ್ತಿರವೇ ನಿಲ್ಲಿಸಿ ಕೇಳಿದರು. "ಗಾಳಿಯೊಳಗ ಎಲ್ಲಾ ಬರ್ತದಂತ. ಮತ್ತ ಮನಿಗೆ ಈ ವಾಯರ್ ಯಾಕ ಬೇಕ್ರಿ?" ರಜೆಗೆ ಮೊಮ್ಮಕ್ಕಳು ಬರುತ್ತಾರೆ, ಅಷ್ಟರೊಳಗೆ ಇಂಟರ್ನೆಟ್ ಹಾಕಿಸಬೇಕು. ಹುಬ್ಬಳ್ಳಿಯ ಬಿಸಿಲಿನಲ್ಲಿ ನಿಂತು ಅರ್ಧ ಉತ್ತರ ಕೊಟ್ಟೆ. ಉಳಿದ ಅರ್ಧ ಈಗ ಹೇಳುತ್ತೇನೆ.

ಮೊದಲು ಮನೆಯ ಲೆಕ್ಕ. ಟಿವಿಯಲ್ಲಿ ಎಚ್‌ಡಿ ಸಿನಿಮಾ ಒಂದು ತಾಸು ನೋಡಿದರೆ ಹೆಚ್ಚುಕಡಿಮೆ 3 ಜಿಬಿ ಡೇಟಾ ಖರ್ಚು. ದಿನಕ್ಕೆ 4 ತಾಸು ಹಿಡಿದರೆ ತಿಂಗಳಿಗೆ 360 ಜಿಬಿ. ಮೊಬೈಲಿಗೆ ದಿನಕ್ಕೆ 2 ಜಿಬಿ ರೀಚಾರ್ಜ್ ಮಾಡಿಸಿದವರ ಪಾಲು ಮುಕ್ಕಾಲು ತಾಸಿನೊಳಗೇ ಮುಗಿಯಿತು. ಅಂದಹಾಗೆ, ರೀಚಾರ್ಜಿನವರ ತಿಂಗಳಿಗೆ ಸಾಮಾನ್ಯವಾಗಿ 28 ದಿನ. ಹಾಗಾಗಿ ವರ್ಷಕ್ಕೆ 13 ಸಲ ದುಡ್ಡು ಕಟ್ಟುತ್ತೇವೆ. ಬ್ರಾಡ್‌ಬ್ಯಾಂಡಿನವರ ಚಾಳಿ ಬೇರೆ. ಜಾಹೀರಾತಿನಲ್ಲಿ 399 ರೂಪಾಯಿ ಅಂತ ಇದ್ದರೆ, ಶೇಕಡಾ 18 ಜಿಎಸ್‌ಟಿ ಸೇರಿ ಬಿಲ್ಲು 471 ಬರುತ್ತದೆ.

ಇನ್ನು ಕಂಪನಿಯ ಲೆಕ್ಕ. ಕಾಕಾ ಕೇಳಿದ ವಾಯರ್ ಅಂದರೆ ಫೈಬರ್, ಕೂದಲಿನಷ್ಟು ತೆಳುವಾದ ಗಾಜಿನ ಎಳೆ. ಇಂಟರ್ನೆಟ್ ಅದರೊಳಗೆ ಬೆಳಕಾಗಿ ಬರುತ್ತದೆ. ಗಾಜು ದುಬಾರಿಯಲ್ಲ. ರಸ್ತೆ ಅಗೆಯುವುದು, ಕಂಬದಿಂದ ಕಂಬಕ್ಕೆ ಎಳೆಯುವುದು, ಏಣಿ ಹೊತ್ತು ತಿರುಗುವ ಹುಡುಗರ ಸಂಬಳ, ಇವು ದುಬಾರಿ. ಒಮ್ಮೆ ಎಳೆದ ಮೇಲೆ ನೀವು ತಿಂಗಳಿಗೆ 100 ಜಿಬಿ ಬಳಸಿ, 1000 ಬಳಸಿ, ಕಂಪನಿಗೆ ಬೀಳುವ ಹೆಚ್ಚಿನ ಖರ್ಚು ಅಷ್ಟಕ್ಕಷ್ಟೇ. ಕಂಬಕ್ಕೆ ಸಣ್ಣ ಡಬ್ಬಿ ನೇತಾಡುತ್ತಿರುತ್ತದೆ, ನೋಡಿದ್ದೀರಲ್ವಾ? ಇಂಥ ಡಬ್ಬಿಗಳಲ್ಲಿ ಒಂದೇ ಎಳೆಯ ಬೆಳಕು ಒಡೆದು 32 ಅಥವಾ 64 ಮನೆಗಳಿಗೆ ಹೋಗುತ್ತದೆ. ಒಡೆಯುವುದಕ್ಕೆ ಕರೆಂಟೂ ಬೇಡ.

ಗಾಳಿಯದು ಉಲ್ಟಾ. ಟವರ್ ಮೊದಲೇ ನಿಂತಿದೆ. 5ಜಿ ತರಂಗಗಳನ್ನು ಕಂಪನಿಗಳು 2022ರ ಹರಾಜಿನಲ್ಲಿ ಕೊಂಡಾಗಿದೆ. ಆ ಹರಾಜು ಮುಗಿದಾಗ ಒಟ್ಟು ಮೊತ್ತ ಸುಮಾರು 1.5 ಲಕ್ಷ ಕೋಟಿ ರೂಪಾಯಿ. ನಿಮ್ಮ ತಾರಸಿಯ ಮೇಲೆ ಆ ತರಂಗ ಹಿಡಿಯುವ ಒಂದು ಡಬ್ಬಿ ಕೂರಿಸಿದರೆ ಕೆಲಸ ಮುಗಿಯಿತು, ಅಗೆಯುವ ಮಾತೇ ಇಲ್ಲ. ಆದರೆ ಟವರಿನ ಒಂದೊಂದು ದಿಕ್ಕಿಗೂ ಇಷ್ಟೇ ಅಂತ ಸಾಮರ್ಥ್ಯ ಇರುತ್ತದೆ. ಅದನ್ನು ಆ ಕಡೆಯ ಮೊಬೈಲುಗಳೂ ಮನೆಗಳೂ ಹಂಚಿಕೊಳ್ಳಬೇಕು.

ನಮ್ಮ ಖಾನಾವಳಿ ನೆನಪಿಸಿಕೊಳ್ಳಿ. ಊಟದ ರೇಟು ಒಂದೇ, ರೊಟ್ಟಿ ಎಷ್ಟಾದರೂ ಹಾಕಿಸಿಕೊಳ್ಳಿ ಅನ್ನುತ್ತಾರೆ. ಯಾರೂ ಹತ್ತು ರೊಟ್ಟಿ ತಿನ್ನುವುದಿಲ್ಲ ಅಂತ ಮಾಲೀಕರಿಗೆ ಗೊತ್ತು. ಆದರೆ ಹಂಚು ಒಂದೇ ಇದ್ದು, ಮಧ್ಯಾಹ್ನ ಒಂದಕ್ಕೆ ಐವತ್ತು ಜನ ಒಟ್ಟಿಗೆ ಕೂತರೆ? ಪಲ್ಯ ಆರುತ್ತದೆ, ರೊಟ್ಟಿ ಬರುವುದಿಲ್ಲ. ಗಾಳಿಯ ಇಂಟರ್ನೆಟ್ಟಿಗೆ ಆ ಹೊತ್ತು ರಾತ್ರಿ ಒಂಬತ್ತಕ್ಕೆ ಬರುತ್ತದೆ. ಒಂದೇ ಕಂಪನಿ ಫೈಬರಿಗೆ ತಿಂಗಳಿಗೆ 3300 ಜಿಬಿ ಮಿತಿ ಹಾಕಿ, ಏರ್‌ಫೈಬರಿಗೆ, ಅಂದರೆ ಈ ತಾರಸಿಯ ಡಬ್ಬಿಗೆ, 1000ಕ್ಕೇ ನಿಲ್ಲಿಸಿರುವುದು ಸುಮ್ನೆ ಅಲ್ಲ. ಫೈಬರಿನಲ್ಲೂ ಹಂಚಿಕೆ ಇದೆ, ನಿಜ. ಆದರೆ ಹಂಚು ತುಂಬಾ ದೊಡ್ಡದು, ಉಣ್ಣುವವರು ಲೆಕ್ಕಕ್ಕೆ ಸಿಕ್ಕವರು.

ಹಾಗಾದರೆ ಎಲ್ಲರೂ ತಂತಿಯನ್ನೇ ಹಾಕಿಸಬೇಕಾ? ಇಲ್ಲ. ಹುಬ್ಬಳ್ಳಿಯ ಒಂದು ಓಣಿಯಲ್ಲಿ 200 ಮೀಟರ್ ಎಳೆದರೆ 20 ಮನೆ ಸಿಗುತ್ತವೆ. ಮನೆಗೆ 10 ಮೀಟರ್ ಬಿತ್ತು. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಡೆ ಹೊಲದಲ್ಲಿ ಒಂಟಿ ಮನೆ ಇದೆ ಅನ್ನಿ, ಊರಿನಿಂದ 2 ಕಿಲೋಮೀಟರ್. ಆ 2000 ಮೀಟರಿನ ಖರ್ಚು ಒಬ್ಬರ ಬಿಲ್ಲಿನಲ್ಲಿ ಯಾವ ಜನ್ಮಕ್ಕೆ ತೀರಬೇಕು? 2011ರಲ್ಲಿ ಮಂಜೂರಾದ ಸರ್ಕಾರದ ಯೋಜನೆ, ಈಗ ಭಾರತ್‌ನೆಟ್ ಅನ್ನುತ್ತಾರೆ, ಗಾಜಿನ ಎಳೆಯನ್ನು ಗ್ರಾಮ ಪಂಚಾಯ್ತಿವರೆಗೆ ತರಲೆಂದೇ ಹುಟ್ಟಿದ್ದು. ಪಂಚಾಯ್ತಿಯಿಂದ ಹೊಲದ ಮನೆಯ ದಾರಿ ಹಾಗೇ ಉಳಿಯುತ್ತದೆ. ಅಲ್ಲಿ ಟವರಿಗೆ ಗಿರಾಕಿಗಳೂ ಕಡಿಮೆ, ಹಂಚು ಖಾಲಿ. ತಾರಸಿಯ ಡಬ್ಬಿಯೇ ಜಾಣತನ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಓಣಿಗೆ ನೀರಿನ ಪೈಪು ಒಂದು, ವಿದ್ಯುತ್ ತಂತಿ ಒಬ್ಬರದು. ಇಂಟರ್ನೆಟ್ಟಿನ ತಂತಿ ಮಾತ್ರ ನಾಲ್ಕು ಕಂಪನಿಯವರದು ನಾಲ್ಕು, ಒಂದೇ ಕಂಬದ ಮೇಲೆ. 20 ಮನೆಯನ್ನು ನಾಲ್ವರು ಹಂಚಿಕೊಂಡರೆ ಒಬ್ಬರಿಗೆ ಐದು. ಆಗ ಮನೆಗೆ 10 ಮೀಟರ್ ಹೋಗಿ 40 ಆಯಿತು. ಪೈಪೋಟಿಯಿಂದ ರೇಟು ಇಳಿಯುತ್ತದೆ, ಒಪ್ಪುತ್ತೇನೆ. ಎಳೆಯುವುದು ಒಬ್ಬರು, ಅದರ ಮೇಲೆ ಮಾರುವುದು ನಾಲ್ವರು ಅಂತ ಮಾಡಿದರೆ ಇನ್ನೂ ಇಳಿಯುತ್ತದೆ.

ಕರೆಂಟಿನ ಮಾತೂ ಒಂದಿದೆ. ಹಳೆಯ ತಾಮ್ರದ ಫೋನು ಮನೆಯಲ್ಲಿ ಕತ್ತಲಾದರೂ ಮಾತಾಡುತ್ತಿತ್ತು, ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿತ್ತು. ಗಾಜಿನಲ್ಲಿ ಬೆಳಕು ಬರುತ್ತದೆ, ಕರೆಂಟ್ ಬರುವುದಿಲ್ಲ. ತಾರಸಿಯ ಡಬ್ಬಿಗೂ ಅದೇ ಗತಿ. ಎರಡಕ್ಕೂ ಒಂದು ಚಿಕ್ಕ ಯುಪಿಎಸ್ ಬೇಕು, ಆ ಖರ್ಚನ್ನು ಮೊದಲೇ ಸೇರಿಸಿಕೊಳ್ಳಿ.

ಕಾಕಾ ಕೊನೆಗೆ ತಂತಿಯನ್ನೇ ಹಾಕಿಸಿದರು. ರಾಣೆಬೆನ್ನೂರು ಕಡೆ ಹೊಲದ ಮನೆಯಲ್ಲಿರುವ ಅವರ ತಮ್ಮ ಡಬ್ಬಿ ಹಾಕಿಸಿದರು. ಮೊನ್ನೆ ಕಾಕಾ ಮತ್ತೆ ಗೇಟಿನಲ್ಲಿ ಸಿಕ್ಕರು. "ಎಲ್ಲಾ ಲೆಕ್ಕ ಹೇಳಿದ್ರಿ, ಮಂಗ್ಯಾನ ಲೆಕ್ಕ ಹೇಳಲಿಲ್ಲಲ್ರೀ!" ಅಂದರು. ಮಾಳಿಗೆಯ ಮೇಲೆ ತಂತಿ ಎರಡು ತುಂಡಾಗಿ ಬಿದ್ದಿತ್ತು. ಏಣಿಯ ಹುಡುಗರು ನಾಳೆ ಬರುತ್ತಾರಂತೆ.